ಜೋಡಿ ಹುಡುಕಿ ಹೊರಟ ನೀಲಿ ಜಾಡಿ

ಬೆಳಿಗ್ಗೆ ಎಂಟಕ್ಕೆ ಬೆಂಗಳೂರು ಬಿಟ್ಟ ಪ್ಯಾಸೆಂಜರ್ ರೈಲು ಮಾಲೂರು ಮುಟ್ಟುವಾಗ ಒಂಬತ್ತೂವರೆಯಾಗಿತ್ತು. ರೈಲಿನ ಟಿಕೆಟ್ಟಿಗಿಂತ ನಿಲ್ದಾಣದ ಹೊರಗೆ ಕುಡಿದ ಕಾಫಿಗೇ ಹೆಚ್ಚು ಕೊಟ್ಟೆ. ಹೆಗಲಲ್ಲಿ ಮೂರು ದಿನದ ಬಟ್ಟೆಯ ಚೀಲ, ಕೈಯಲ್ಲಿ ತಗಡಿನ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿದ ನೀಲಿ ಗಾಜಿನ ಜಾಡಿಯೊಂದಿತ್ತು.

ಬೆಂಗಳೂರಿನಲ್ಲಿ ನನ್ನದು ಹಳೆಯ ಕಲಾಗಾಜಿನ ಪುಟ್ಟ ಅಂಗಡಿ. ಹೂದಾನಿ, ಬಣ್ಣದ ದೀಪದ ಬುರುಡೆ, ಅತ್ತರಿನ ಶೀಶೆ, ಇಂಥವನ್ನು ಹಳೆಯ ಮನೆಗಳಲ್ಲಿ ಕೊಂಡು, ಗೀಳು ಹತ್ತಿದವರಿಗೆ ಮಾರುವ ಕಸುಬು. ಹನ್ನೊಂದು ವರ್ಷದಿಂದ ಮಾಡುತ್ತಿದ್ದೇನೆ. ಕಳೆದ ಎಂಟು ತಿಂಗಳಲ್ಲಿ ಮಾರಾಟವಾದದ್ದು ಒಂದೇ ಒಂದು, ಅದೂ ಕಾಗದದ ಮೇಲಿಡುವ ಗಾಜಿನ ಗುಂಡು. ಬರುವವರು ಬರುತ್ತಾರೆ, ನೋಡುತ್ತಾರೆ, ಫೋಟೋ ತೆಗೆದುಕೊಂಡು ಹೋಗುತ್ತಾರೆ. ಕಟ್ಟಡದ ಮಾಲೀಕರು, ತಿಂಗಳ ಕೊನೆಯೊಳಗೆ ಕರಾರು ಮುಂದುವರಿಸುತ್ತೀರೋ ಬೀಗದ ಕೈ ಕೊಡುತ್ತೀರೋ ಹೇಳಿ ಎಂದಿದ್ದರು.

ಆಗಲೇ ಕೊಯಮತ್ತೂರಿನ ಸಂಗ್ರಾಹಕರೊಬ್ಬರಿಗೆ ಈ ಜಾಡಿ ಕಣ್ಣಿಗೆ ಬಿತ್ತು. ಕಡುನೀಲಿ ಗಾಜು, ಸುತ್ತಲೂ ಹಾಲಿನ ಎಳೆಯಂಥ ಬಿಳಿ ಗೆರೆಗಳು, ಗಾಜಿನದೇ ಮುಚ್ಚಳ. ಆದರೆ ಅವರಿಗೆ ಒಂಟಿ ಬೇಡ, ಜೋಡಿ ಬೇಕು. ಎರಡರ ತಳದಲ್ಲೂ ಗುರುತು ಇರಲೇಬೇಕು. ಊದಿ ಮಾಡಿದ ಗಾಜನ್ನು ಕಬ್ಬಿಣದ ಸಲಾಕೆಯಿಂದ ಮುರಿದು ಬಿಡಿಸುವಾಗ ತಳದ ನಡುವೆ ಒಂದು ಒರಟು ಗಾಯ ಉಳಿಯುತ್ತದೆ. ಎತ್ತು ಕೊಳ್ಳುವವರು ಹಲ್ಲು ನೋಡುವ ಹಾಗೆ ನಾವು ಮೊದಲು ಜಾಡಿ ಮಗುಚಿ ಆ ಗಾಯ ನೋಡುತ್ತೇವೆ. ನನ್ನ ಜಾಡಿಯಲ್ಲಿ ಗಾಯದ ಪಕ್ಕ ಏಳು ಎಂಬ ಅಂಕೆಯನ್ನೂ ಗೀರಿದ್ದಾರೆ, ಜೋಡಿಯ ಎರಡಕ್ಕೂ ಒಂದೇ ಅಂಕೆ. ಇದರ ಜೊತೆಯದು ಸಿಕ್ಕರೆ ಅಂಗಡಿ ಇನ್ನೊಂದು ವರ್ಷ ಉಳಿಯುತ್ತಿತ್ತು, ಇಲ್ಲದಿದ್ದರೆ ಇಲ್ಲ. ಈ ಪ್ರಯಾಣಕ್ಕೆ ಬೇರೆ ಯಾವ ಘನ ಉದ್ದೇಶವೂ ಇರಲಿಲ್ಲ.

ಮಾಲೂರಿನಲ್ಲಿ ಇಳಿದದ್ದು ರಾಮಣ್ಣನವರಿಗಾಗಿ. ಹೆಂಚಿನ ಕಾರ್ಖಾನೆ ನಡೆಸಿ ಈಗ ವಿಶ್ರಾಂತಿಯಲ್ಲಿರುವ ಹಿರಿಯರು, ಒಂದು ಕಾಲಕ್ಕೆ ನನ್ನ ಖಾಯಂ ಗಿರಾಕಿ. ಚೀಲದಲ್ಲಿದ್ದ ದೀಪದ ಬುರುಡೆಯೊಂದನ್ನು ತೋರಿಸಿ ದಾರಿಖರ್ಚು ಹುಟ್ಟಿಸಿಕೊಳ್ಳೋಣ ಎಂದುಕೊಂಡಿದ್ದೆ. ನಾನು ಚೀಲ ಬಿಚ್ಚುವ ಮೊದಲೇ ಅವರು ತಮ್ಮ ಕಪಾಟು ತೆರೆದರು.

"ಇವೆಲ್ಲಾ ವಾಪಸ್ ತಗೊಂಡ್ಬಿಡಮ್ಮ. ಕೇಳಿದ ಬೆಲೆಗೆ ಕೊಟ್ಬಿಡ್ತೀನಿ. ಕೊಳ್ಳೋವಾಗ ಗಾಜೂ ಬಂಗಾರ, ಮಾರೋಕ್ಕೋದ್ರೆ ಬಂಗಾರಾನೂ ಗಾಜು."

ಕಪಾಟಿನಲ್ಲಿದ್ದ ಹಸಿರು ಹೂದಾನಿಯೊಂದನ್ನು ಎತ್ತಿ ಅಭ್ಯಾಸಬಲದಿಂದ "ಚ್ಚ" ಎಂದೆ. ರಾಮಣ್ಣನವರು ನಕ್ಕರು.

"ನೀನು ಚ್ಚ ಅಂದ್ರೆ ನಿಂಗದು ಹಿಡಿಸ್ತು ಅಂತ ಅರ್ಥ. ಹತ್ತು ವರ್ಷದಿಂದ ನೋಡ್ತಿದೀನಿ."

ಸುಳ್ಳಲ್ಲ. ಕೊಳ್ಳಲು ಹೋದವರು ಖುಷಿ ತೋರಿಸಬಾರದು. ಮುಖ ಅರಳಿದರೆ ಬೆಲೆಯೂ ಅರಳುತ್ತದೆ ಎಂಬುದು ನಮ್ಮ ಕಸುಬಿನ ಮೊದಲ ಪಾಠ. ಅವರದನ್ನು ನಾನು ಕೊಳ್ಳಲಿಲ್ಲ, ನನ್ನದನ್ನು ಅವರು ಕೊಳ್ಳಲಿಲ್ಲ. ರಾಗಿ ರೊಟ್ಟಿ, ಹುಚ್ಚೆಳ್ಳಿನ ಚಟ್ನಿ ಕೊಟ್ಟು ಕಳಿಸಿದರು.

ಕೋಲಾರದ ಬಸ್ಸಿನಲ್ಲಿ ಆಧಾರ್ ಕಾರ್ಡ್ ತೋರಿಸಿ ಶೂನ್ಯ ಟಿಕೆಟ್ ಪಡೆದೆ. ಕಂಡಕ್ಟರ್ ಪೆಟ್ಟಿಗೆಯತ್ತ ಬೆರಳು ಮಾಡಿ ಏನಿದೆ ಎಂದ. ಹಳೇ ಗಾಜು, ಬೆಲೆಬಾಳುವಂಥದ್ದು, ಹುಷಾರು ಎಂದೆ.

"ನಿಮ್ಗೆ ಫ್ರೀ ಮೇಡಂ, ಬೆಲೆಬಾಳೋದಕ್ಕೆ ಫ್ರೀ ಇಲ್ಲ" ಎಂದು ಲಗೇಜ್ ಟಿಕೆಟ್ ಹರಿದು ಕೊಟ್ಟ. ಬಾಯಿ ಮುಚ್ಚಿಕೊಂಡಿದ್ದರೆ ಹತ್ತು ರೂಪಾಯಿ ಉಳಿಯುತ್ತಿತ್ತು.

ಕೋಲಾರದಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಟೊಮೆಟೊ ಕ್ರೇಟು ತುಂಬಿದ ಟೆಂಪೋಗಳ ನಡುವೆ ಆಟೋ ತೆವಳಿ ಬಾಷಾ ಸಾಬರ ಅಂಗಡಿ ಮುಟ್ಟಿಸಿತು. ಬಾಷಾ ಸಾಬರು ಪಟಗಳಿಗೆ ಗಾಜು, ಚೌಕಟ್ಟು ಹಾಕುವವರು. ಮೂರು ವರ್ಷದ ಹಿಂದೆ ನನಗೆ ಈ ಜಾಡಿ ಮಾರಿದ್ದೂ ಅವರೇ.

"ಇದರ ಜೋಡಿ ಇತ್ತಮ್ಮಾ" ಎಂದರು, ಗಾಜು ಕೊಯ್ಯುವುದನ್ನು ನಿಲ್ಲಿಸದೆ. "ಚಿನ್ನದ ಗಣಿ ಬಂಗ್ಲೆ ಸಾಮಾನು ಹರಾಜಾದಾಗ ಒಂದು ನಮ್ಮ ಅಬ್ಬಾ ತಗೊಂಡ್ರು, ಒಂದು ಆ ಬಂಗ್ಲೆ ಅಡಿಗೆಯೋನು ತಗೊಂಡ. ತಾಯಲೂರಿನ ಕಡೆಯೋನು. ಅವನಿಲ್ಲ, ಮನೆ ಐತೆ, ಹೋಗಿ ನೋಡಿ. ಸಿಕ್ಕಿದ್ರೆ ನಿಮ್ಮ ನಸೀಬ್."

ಆ ಸಂಜೆಯೇ ಮುಳಬಾಗಿಲು ಸೇರಿ, ಬಸ್ ನಿಲ್ದಾಣದ ಹತ್ತಿರದ ಲಾಡ್ಜಿನಲ್ಲಿ ಉಳಿದೆ. ಸೊಳ್ಳೆ ವಿಪರೀತ. ಬೆಳಿಗ್ಗೆ ದೋಸೆ ತಿಂದೆ. ಮುಳಬಾಗಿಲಿಗೆ ಬಂದು ದೋಸೆ ತಿನ್ನಲಿಲ್ಲ ಎಂದರೆ ಮನೆಯಲ್ಲಿ ಯಾರೂ ನಂಬುವುದಿಲ್ಲ. ಹೊರಗೆ ಗರಿ, ಒಳಗೆ ಮೆತ್ತಗೆ, ತುಪ್ಪ ಧಾರಾಳ. ಇನ್ನೊಂದು ಹೇಳಿದೆ.

ತಾಯಲೂರಿನಲ್ಲಿ ಅಡಿಗೆಯವನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅವನ ಮೊಮ್ಮಗ ನಾರಾಯಣಪ್ಪ ಜಗಲಿಯಲ್ಲಿ ಕೂತು ಅವರೆಕಾಳು ಹಸನು ಮಾಡುತ್ತಿದ್ದರು. ನನ್ನ ಜಾಡಿ ನೋಡಿದವರೇ, "ಅಯ್ಯೋ, ಇದು ನಮ್ ಉಪ್ಪಿನಕಾಯಿ ಜಾಡಿ!" ಎಂದರು. ಅವರದು, ಮದುವೆಯಾಗಿ ಹೋದ ತಂಗಿ ಸರೋಜಮ್ಮನ ಜೊತೆ ಯಲ್ದೂರಿಗೆ ಹೋಗಿತ್ತು. ಆಕೆಗೆ ಫೋನ್ ಹಚ್ಚಿ, ತೆಲುಗಿನಲ್ಲಿ ನಾಲ್ಕು ಮಾತಾಡಿ, ನನ್ನ ಕೈಗೆ ಕೊಟ್ಟರು.

ಜಾಡಿ ನೆಟ್ಟಗಿದೆ, ಮುಚ್ಚಳವೂ ಇದೆ ಎಂದಳು ಸರೋಜಮ್ಮ. ತಳದಲ್ಲಿ ಏನಾದರೂ ಕಾಣಿಸುತ್ತದೆಯೇ ನೋಡಿ ಎಂದೆ. ಫೋನ್ ಕೆಳಗಿಟ್ಟು ಹೋಗಿ ನೋಡಿ ಬಂದಳು.

"ಹ್ಞೂಂ ಅಕ್ಕಾ, ಮಧ್ಯದಲ್ಲಿ ಒಂಚೂರು ಒಡ್ದೋಗಿರೋ ತರ, ಒರಟಾಗೈತೆ. ಪಕ್ಕದಲ್ಲಿ ಏಳು ಅಂತ ಗೀಚಿದಂಗೈತೆ."

ಜಗಲಿಯಿಂದ ಹಾರಿಬಿಡುವಷ್ಟು ಸಂತೋಷವಾಯಿತು. ಆದರೆ ಬಾಯಿಂದ ಬಂದದ್ದು "ಚ್ಚ." ಆಮೇಲೆ, ತೀರಾ ಬೇಸರವಾದವಳ ಹಾಗೆ, "ಒರಟಾಗಿದೆಯಾ? ಹೋಗಲಿ ಬಿಡಿ, ಬಂದು ನೋಡ್ತೀನಿ" ಎಂದೆ. ಗಂಡನಿಗೆ ಮಾರನೆಯ ದಿನ ರಜ, ಆವತ್ತೇ ಬನ್ನಿ ಎಂದಳು.

ಆ ರಾತ್ರಿ ಶ್ರೀನಿವಾಸಪುರದಲ್ಲಿ ಉಳಿದೆ. ಮಾವಿನ ಸುಗ್ಗಿ. ಮಂಡಿಗಳ ಮುಂದೆ ಲಾರಿಗಳ ಸಾಲು, ಊರಿಗೆ ಊರೇ ಹಣ್ಣಿನ ವಾಸನೆ. ಲಾಡ್ಜಿನಲ್ಲಿ ಕೋಣೆ ಸಿಕ್ಕಿದ್ದೇ ಹೆಚ್ಚು. ಹೊರರಾಜ್ಯದ ವ್ಯಾಪಾರಿಗಳೇ ತುಂಬಿದ್ದರು. ಅವರ ಸರಕು ಎರಡು ದಿನ ತಡವಾದರೆ ಕೊಳೆಯುತ್ತದೆ, ನನ್ನದು ನೂರು ವರ್ಷ ಕೂತರೂ ಕೆಡುವುದಿಲ್ಲ. ಯಾರ ಪಾಡು ವಾಸಿ ಎಂದು ಲೆಕ್ಕ ಹಾಕುತ್ತಾ ಮಲಗಿದೆ.

ಮೂರನೆಯ ದಿನ ಹತ್ತು ಗಂಟೆಗೆ ಯಲ್ದೂರು. ಮನೆಯ ಮುಂದೆ ಚಾಪೆಯ ಮೇಲೆ ಹೆಚ್ಚಿದ ಮಾವಿನಕಾಯಿ ಹರಡಿತ್ತು. ಸರೋಜಮ್ಮ ಆವಕಾಯಿಗೆ ಸಾಸಿವೆ ಪುಡಿ ಮಾಡುತ್ತಿದ್ದಳು. ನಲವತ್ತರ ಆಸುಪಾಸಿನ ಚುರುಕು ಹೆಂಗಸು. ಗಂಡ ವೆಂಕಟೇಶಪ್ಪ ಗ್ರಾನೈಟ್ ಪಾಲಿಶ್ ಮಾಡುವ ಕೆಲಸಗಾರ. ಜಾಡಿ ಮಾರಿದ ಹಣದಲ್ಲಿ ಮನೆಗೊಂದು ನೀರಿನ ಸಂಪು ಕಟ್ಟಿಸುವ ಯೋಚನೆಯಂತೆ, ಅಳತೆಗೆ ಆಗಲೇ ಸುಣ್ಣದ ಗೆರೆ ಎಳೆದಿದ್ದರು.

"ಏಮಯ್ಯಾ, ತೀಸ್ಕೊನಿ ರಾ" ಎಂದು, ಜಾಡಿ ತರುವಂತೆ, ಆಕೆ ಗಂಡನನ್ನು ತೆಲುಗಿನಲ್ಲಿ ಕೂಗಿದಳು. ವೆಂಕಟೇಶಪ್ಪ ಒಳಗಿನಿಂದ ಬಿಳಿ ಟವಲಿನಲ್ಲಿ ಜಾಡಿ ಎತ್ತಿಕೊಂಡು ಬಂದರು. ಅದೇ ನೀಲಿ, ಅದೇ ಬಿಳಿ ಎಳೆ. ನಾನು ಮಗುಚಿದೆ.

ತಳ ನುಣ್ಣಗಿತ್ತು. ಬೆರಳಿಟ್ಟರೆ ಜಾರುತ್ತಿತ್ತು. ಗಾಯವಿಲ್ಲ, ಏಳೂ ಇಲ್ಲ.

"ಹೆಂಗೈತಕ್ಕಾ?" ವೆಂಕಟೇಶಪ್ಪನವರ ಮುಖದಲ್ಲಿ ಹೆಮ್ಮೆ. "ತಳ ಒರಟು ಅಂತ ನಿಮ್ಗೆ ಬೇಜಾರಾಯ್ತಂತೆ. ನೋಡೋಕೆ ಬರೋರ ಮುಂದೆ ಹಂಗೇ ಇಡೋದಾ? ನಿನ್ನೆ ಸಾಯಂಕಾಲ ನೀರು ಬಿಟ್ಕೊಂಡು, ಐದು ಪ್ಯಾಡ್ ಬದ್ಲಾಯ್ಸಿ ನಿಧಾನಕ್ಕೆ ಉಜ್ದೆ. ಗಾಜು ಕಲ್ಲಿನಂಗಲ್ಲ, ಒಸಿ ಒತ್ತಿದ್ರೂ ಹೋಯ್ತದೆ."

ಕೆಲಸ ನಿಜಕ್ಕೂ ಅಚ್ಚುಕಟ್ಟಾಗಿತ್ತು. ಅಂಥ ಕೈಚಳಕ ಬೆಂಗಳೂರಿನಲ್ಲೂ ನೋಡಿಲ್ಲ. "ತುಂಬಾ ಚೆನ್ನಾಗಿದೆ" ಎಂದೆ. ಮೂರು ದಿನದಲ್ಲಿ ಒಂದು ವಸ್ತುವನ್ನು ಬಾಯ್ತುಂಬ ಹೊಗಳಿದ್ದು ಅದೇ ಮೊದಲು.

ಅವರು ನನ್ನ ಪೆಟ್ಟಿಗೆಯತ್ತ ಕೈ ಚಾಚಿದರು. "ನಿಮ್ದೂ ಹಂಗೇ ಒರಟಾಗಿರ್ಬೇಕಲ್ಲಾ? ಕೊಡಿ, ಅದನ್ನೂ ಮಾಡ್ಕೊಡ್ತೀನಿ. ಕೂಲಿ ಗೀಲಿ ಏನೂ ಬೇಡ."

ನಾನು ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡೆ. ಮಗುವನ್ನು ಕಿತ್ತುಕೊಳ್ಳಲು ಬಂದವರನ್ನು ಕಂಡಂತೆ ಹಿಂದೆ ಸರಿದೆ ಕೂಡ. ವೆಂಕಟೇಶಪ್ಪನವರ ಕೈ ಅಲ್ಲೇ ನಿಂತಿತು. ಕೈಕಸುಬಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

"ಅಂದ್ರೆ... ಅದಿರ್ಬೇಕಿತ್ತಾ ಅಕ್ಕಾ?"

ಸುಳ್ಳು ಹೇಳಬಹುದಿತ್ತು. ಹನ್ನೊಂದು ವರ್ಷದ ಅಭ್ಯಾಸವಿತ್ತು. ನಾಲಿಗೆ ಏಳಲಿಲ್ಲ. ಗಾಯದ ಕಥೆ, ಅಂಕೆಯ ಕಥೆ, ಕೊಯಮತ್ತೂರಿನವರ ಕಥೆ, ನನ್ನ ಅಂಗಡಿಯ ಕಥೆ ಎಲ್ಲವನ್ನೂ ಹೇಳಿದೆ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

"ಮತ್ತೆ ಫೋನಲ್ಲಿ ಚ್ಚ ಅಂದ್ರಿ?" ಸರೋಜಮ್ಮ ಕೇಳಿದಳು.

"ವ್ಯಾಪಾರದಲ್ಲಿ ಹಾಗೆ ಅನ್ನೋದು, ಸರೋಜಮ್ಮ. ಇಷ್ಟ ಆದರೂ ಹಾಗೇ ಅನ್ನೋದು."

"ಇಷ್ಟ ಆದ್ರೆ ಇಷ್ಟ ಆಯ್ತು ಅಂತ ಯಾವಾಗ ಅಂತೀರಿ ಮತ್ತೆ?"

ಆಕೆ ಚುಚ್ಚಲು ಕೇಳಿದ್ದಲ್ಲ, ತಿಳಿದುಕೊಳ್ಳಲು ಕೇಳಿದ್ದು. ನಾಚಿಕೆಯಾಯಿತು. ಅಂಗಳದ ಸುಣ್ಣದ ಗೆರೆ ಕಣ್ಣಿಗೆ ಬಿದ್ದಷ್ಟೂ ನಾಚಿಕೆ ಹೆಚ್ಚಾಯಿತು.

"ಈಗ ಎಷ್ಟಕ್ಕೆ ಹೋಗ್ಬೋದು?" ಎಂದು ವೆಂಕಟೇಶಪ್ಪ ಮೆಲ್ಲಗೆ ಕೇಳಿದರು.

"ಉಪ್ಪಿನಕಾಯಿ ಜಾಡಿ ಬೆಲೆಗೆ."

"ಹಂಗಾದ್ರೆ ಉಪ್ಪಿನಕಾಯಿಗೇ ಇರ್ಲಿ ಬಿಡಿ" ಎಂದಳು ಸರೋಜಮ್ಮ. ಸೆರಗು ಸಿಕ್ಕಿಸಿಕೊಂಡು ಮಾವಿನ ಹೋಳುಗಳಿಗೆ ಖಾರ, ಉಪ್ಪು, ಸಾಸಿವೆ ಪುಡಿ, ಎಣ್ಣೆ ಕಲಸಿ ಜಾಡಿಗೆ ತುಂಬತೊಡಗಿದಳು. ವೆಂಕಟೇಶಪ್ಪ ಮಾತ್ರ ಟವಲನ್ನು ಮಡಿಸುತ್ತಾ, ಬಿಚ್ಚುತ್ತಾ ನಿಂತೇ ಇದ್ದರು. "ಒಂದ್ಮಾತು ಕೇಳ್ಬೇಕಿತ್ತು ನಾನು" ಎಂದರು. "ಒಂದು ಮಾತು ಹೇಳಬೇಕಿತ್ತು ನಾನು" ಎಂದೆ.

ಊಟ ಮಾಡಿಸದೆ ಬಿಡಲಿಲ್ಲ. ಮುದ್ದೆ, ಬಸ್ಸಾರು. ಹೊರಡುವಾಗ ಸರೋಜಮ್ಮ ನನ್ನ ಪೆಟ್ಟಿಗೆಗೆ ಕೈ ಹಾಕಿದಳು.

"ಅದನ್ನ ಕೊಡಿ ಇಲ್ಲಿ. ನಮ್ಮನೆಗೆ ಬಂದ ಪಾತ್ರೆ ಖಾಲಿ ಹೋಗ್ಬಾರ್ದು."

ಮೂರು ವರ್ಷ ಆ ಜಾಡಿಯನ್ನು ನನ್ನ ಸ್ವಂತ ತಂಗಿಗೂ ಮುಟ್ಟಲು ಕೊಟ್ಟಿರಲಿಲ್ಲ. ಕೊಟ್ಟೆ. ಆಕೆ ಒಣಬಟ್ಟೆಯಿಂದ ಒರೆಸಿ, ಕುತ್ತಿಗೆಯ ತನಕ ತುಂಬಿ, ಮೇಲೆ ಎಣ್ಣೆ ಹೊಯ್ದಳು. ಹತ್ತು ನಿಮಿಷ ಎರಡು ಜಾಡಿಗಳೂ ಒಂದೇ ಚಾಪೆಯ ಮೇಲೆ ಪಕ್ಕಪಕ್ಕ ಕೂತಿದ್ದವು. ಯಾರೂ ಮಗುಚಿ ನೋಡದಿದ್ದರೆ, ಅವು ಜೋಡಿಯೇ.

"ಮೂರು ವಾರ ಮುಟ್ಬೇಡಿ. ಆಮೇಲೆ ತಿಂದು, ಹೆಂಗಿತ್ತು ಅಂತ ಫೋನ್ ಮಾಡಿ" ಎಂದು ಮುಚ್ಚಳಕ್ಕೆ ಬಟ್ಟೆ ಕಟ್ಟಿಕೊಟ್ಟಳು.

ಕೋಲಾರದ ಬಸ್ಸಿನಲ್ಲಿ ಪೆಟ್ಟಿಗೆಯನ್ನು ಮಡಿಲಲ್ಲೇ ಇಟ್ಟುಕೊಂಡೆ. ಕಂಡಕ್ಟರ್ ಬಂದು ಏನದು ಎಂದ. ಉಪ್ಪಿನಕಾಯಿ ಎಂದೆ. ಮೂಗರಳಿಸಿ, "ಆವಕಾಯಿನಾ?" ಎಂದು ಕೇಳಿ, ಶೂನ್ಯ ಟಿಕೆಟ್ ಒಂದನ್ನೇ ಕೊಟ್ಟು ಮುಂದೆ ಹೋದ. ಕಿಟಕಿಯಾಚೆ ಮಾವಿನ ತೋಪುಗಳು ಮುಗಿದು ಟೊಮೆಟೊ ಹೊಲಗಳು ಶುರುವಾಗುವಾಗ ಮಾಲೀಕರಿಗೆ ಫೋನ್ ಮಾಡಿ, ಕರಾರು ಬೇಡ, ಬೀಗದ ಕೈ ಕೊಡುತ್ತೇನೆ ಎಂದೆ.

ತಿಂಗಳ ಕೊನೆಯ ದಿನ ಕೊಟ್ಟೆ. ಅಂಗಡಿ ಖಾಲಿ ಮಾಡಿ ಮನೆಗೆ ಬರುವಾಗ ಮಧ್ಯಾಹ್ನ ಎರಡು ಗಂಟೆ, ಹಸಿವಾಗಿತ್ತು. ಲೆಕ್ಕ ಹಾಕಿದರೆ ಮೂರು ವಾರ ಮೇಲಾಗಿತ್ತು. ಜಾಡಿಯ ಬಟ್ಟೆ ಬಿಚ್ಚಿ, ಬಿಸಿ ಅನ್ನಕ್ಕೆ ಒಂದು ಹೋಳು ಹಾಕಿಕೊಂಡೆ. ಮೊದಲ ತುತ್ತಿಗೇ ಎಡಗೈಯಲ್ಲಿ ಯಲ್ದೂರಿಗೆ ಫೋನ್ ಹಚ್ಚಿದೆ.

"ಸರೋಜಮ್ಮ, ಇಷ್ಟ ಆಯ್ತು" ಎಂದೆ.