ಯಾತ್ರಾ ಬಸ್ಸಿನ ಅಡುಗೆಯವರ ಸಿಮ್ಮು

ನಾನು ಡಿಗ್ರಿ ಮುಗಿಸುವುದಿಲ್ಲ ಎಂದು ಮೊದಲು ಹೇಳಿದವರು ನನ್ನ ಸೋದರಮಾವ. ಕುಮಾರಸ್ವಾಮಿ ಲೇಔಟಿನಿಂದ ಹೊರಡುವ ಯಾತ್ರಾ ಬಸ್ಸಿನಲ್ಲಿ ಅವರು ಅಡುಗೆಯವರು. "ನಮ್ಮನೇಲಿ ಹತ್ತನೇ ಕ್ಲಾಸಿಗೇ ಎಲ್ಲರ ಟವರ್ ಹೋಗುತ್ತೆ ಕಣೇ" ಎಂದು ನಗುತ್ತಿದ್ದರು.

ಟವರಿನ ವಿಷಯದಲ್ಲಿ ಅವರಿಗೆ ದೇವರ ಭಯವೂ ಇರಲಿಲ್ಲ. ಯಾವ ಕ್ಷೇತ್ರ ಮುಗಿಸಿ ಬಂದರೂ ಒಂದೇ ಮಾತು: "ದೇವರು ಸಿಕ್ಕಿದ, ಟವರ್ ಸಿಗ್ಲಿಲ್ಲ."

ನಾನು ಡಿಗ್ರಿ ಮುಗಿಸಿದೆ. ಘಟಿಕೋತ್ಸವದ ದಿನವೇ ಅವರ ಬಸ್ಸು ಹಿಮಾಲಯದಲ್ಲಿರಬೇಕಿತ್ತು. "ಮಾತಲ್ಲಿ ಸೋತವನು ಕಣ್ಣಾರೆ ನೋಡ್ಬೇಕು" ಎಂದು ಹಟ ಹಿಡಿದು, ಬೆಟ್ಟದ ಮೇಲೂ ವಿಡಿಯೋ ಕಾಲ್ ಬರುವ ಹೊಸ ಸಿಮ್ಮಿಗಾಗಿ ನನ್ನನ್ನು ಬನಶಂಕರಿಯ ಅಂಗಡಿಗೆ ಎಳೆದೊಯ್ದರು.

"ಇದು ಸಖತ್ ಸ್ಪೀಡ್ ಅಂಕಲ್" ಎಂದಳು ಅಂಗಡಿಯ ಹುಡುಗಿ.

"ಸ್ಪೀಡ್ ತಗೊಂಡು ಏನ್ ಮಾಡ್ಲಮ್ಮ? ಬೆಟ್ಟದ ಮೇಲೆ ಸಿಗ್ಬೇಕು."

ಅಲ್ಲಿಂದಲೇ ಬೆಟ್ಟದ ಮೇಲಿನ ಪರಿಚಯದ ಚಹಾ ಅಂಗಡಿಯವನಿಗೆ ಫೋನು ಹಚ್ಚಿ, ಅವನ ಹೆಂಡತಿ ಯಾವ ಕಂಪನಿಯ ಸಿಮ್ಮಿಗೆ ಫೋನು ಮಾಡಿ ಅವನನ್ನು ಬೈಯುತ್ತಾಳೆ ಎಂದು ಹರಕು ಹಿಂದಿಯಲ್ಲಿ ಕೇಳಿದರು. ಅದನ್ನೇ ಕೊಂಡರು.

ಪದವಿ ಪತ್ರ ನನ್ನ ಕೈಗೆ ಬಂದಾಗ ಅಮ್ಮ ಫೋನನ್ನು ಎತ್ತಿ ಹಿಡಿದಿದ್ದಳು. ವೇದಿಕೆಯಿಂದ ಇಳಿದು ಓಡಿದೆ. ವಿಡಿಯೋದ ತುಂಬ ಒಲೆಯ ಹೊಗೆ, ಅದರ ನಡುವೆ ಮಾವ.

"ಹತ್ರ ಹಿಡಿಯೇ, ಹೆಸರು ಸರಿಯಾಗಿ ಬರ್ದಿದ್ದಾರಾ ನೋಡ್ತೀನಿ. ಅನ್ನ ತಳ ಹಿಡೀತಿದೆ, ಹಿಡೀಲಿ ಬಿಡು. ಇವತ್ತು ಯಾತ್ರಿಕರು ಸೀದನ್ನ ತಿನ್ಲಿ."