ಅಮ್ಮ ಕ್ಯಾಮೆರಾಕ್ಕೆ ತೋರಿಸಿದ ಪೈರು

ಬೆಳ್ಮಣ್ಣಿನ ನಮ್ಮ ಗದ್ದೆಗೆ ಆ ಮಳೆಗಾಲದಲ್ಲಿ ಹುಳ ಬಿದ್ದಿತ್ತು. ಭತ್ತದ ಎಲೆಗಳು ಬೀಡಿಯ ಹಾಗೆ ಸುರುಳಿ ಸುತ್ತಿಕೊಂಡು ಬಿಳಿಚಿಕೊಳ್ಳುತ್ತಿದ್ದವು. ಮಸ್ಕತ್ತಿನಲ್ಲಿದ್ದ ಅಪ್ಪ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು, ಈ ಸಲ ಬೆಳೆ ಕೈಕೊಟ್ಟರೆ ಮುಂದಿನ ವರ್ಷದಿಂದ ಗದ್ದೆ ಹಡಿಲು ಎಂದು. ನಾಟಿ ಇಲ್ಲ, ಕೊಯ್ಲು ಇಲ್ಲ, ಬರೀ ಹುಲ್ಲು. ಆ ಮಾತು ಕೇಳಿದ ಮೇಲೆ ಅಮ್ಮನಿಗೆ ಊಟವೇ ಸೇರುತ್ತಿರಲಿಲ್ಲ.

ಆಗಷ್ಟೇ ಸರಕಾರ ಕಾರ್ಕಳದಲ್ಲಿ ರೈತರಿಗಾಗಿ ಒಂದು ಕಂಪ್ಯೂಟರ್ ಇರಿಸಿತ್ತು. ಅದರ ತಲೆಯ ಮೇಲೊಂದು ಪುಟ್ಟ ಕ್ಯಾಮೆರಾ. ವಾರಕ್ಕೊಮ್ಮೆ ದೂರದ ಊರಿನ ವಿಜ್ಞಾನಿಯೊಬ್ಬರು ಪರದೆಯಲ್ಲಿ ಕಾಣಿಸಿಕೊಳ್ಳುತ್ತಿದ್ದರು. ರೋಗದ ಗಿಡ ತೋರಿಸಿದರೆ ಮದ್ದು ಹೇಳುತ್ತಿದ್ದರು. ಉಡುಪಿಯ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಯುತ್ತಿದ್ದ ನನಗೆ ಇದಕ್ಕಿಂತ ದೊಡ್ಡ ಸಂಭ್ರಮ ಬೇಕೇ? ನಾಳೆಯೇ ಹೋಗೋಣ, ಗಿಡ ಕಿತ್ತಿಡು ಎಂದೆ.

ಅಮ್ಮ ಇಗರ್ಜಿಗೆ ಉಡುವ ಸೀರೆ ಉಟ್ಟು, ಬಾಳೆಲೆಯ ಕಟ್ಟೊಂದನ್ನು ಹಿಡಿದು ಬಸ್ಸು ಹತ್ತಿದಳು. ನಮ್ಮ ಸರದಿ ಬಂದಾಗ ಕಟ್ಟು ಬಿಚ್ಚಿದರೆ, ಇಡೀ ಗದ್ದೆ ಹುಡುಕಿ ಆರಿಸಿದ, ಬೇರು ತೊಳೆದ, ಹಚ್ಚಹಸಿರು ಗಿಡಗಳು! ತೆನೆಹಬ್ಬಕ್ಕೆ ಮಾತೆ ಮರಿಯಮ್ಮನ ಮುಂದಿಡಲು ಚಂದದ ತೆನೆಯನ್ನೇ ಆರಿಸಿ ಅಭ್ಯಾಸವಾದ ಕೈ ಅದು. ಕೆಟ್ಟದ್ದನ್ನು ನಾಲ್ಕು ಜನರ ಮುಂದೆ ಹಿಡಿಯಲು ಅದಕ್ಕೆ ಬರುತ್ತಲೇ ಇರಲಿಲ್ಲ.

"ಬಹಳ ಒಳ್ಳೆಯ ಪೈರು! ಹೀಗೆಯೇ ನೋಡಿಕೊಳ್ಳಿ" ಎಂದರು ಪರದೆಯಲ್ಲಿದ್ದವರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ನನ್ನ ತೋಳು ಚಿವುಟಿದಳು.

ಹೊರಗೆ ಬಂದು ಕೂಗಾಡಿದೆ. "ಹುಳದ ವಿಷಯ ಯಾಕೆ ಹೇಳಲಿಲ್ಲ?"

"ಅಷ್ಟು ಹೊಗಳಿದ ಮೇಲೆ ಹೇಗೆ ಹೇಳುವುದು ಮಾರಾಯ್ತಿ?"

ಬೆಳ್ಮಣ್ಣಿನವರೆಗೂ ಅವಳು ಕಿಟಕಿಯ ಹೊರಗೆ ನೋಡುತ್ತಾ ಮುಗುಳ್ನಗುತ್ತಿದ್ದಳು.

ಮುಂದಿನ ವಾರದ ಹೊತ್ತಿಗೆ ಬಿಳಿ ಬಣ್ಣ ಕೆಳಗಿನ ಗದ್ದೆಗೂ ಹರಡಿತ್ತು. ಈ ಸಲ ತೀರಾ ಕೆಟ್ಟ ಗಿಡಗಳನ್ನು ನಾನೇ ಕಿತ್ತೆ. ಅಮ್ಮ ಅವನ್ನು ಕ್ಯಾಮೆರಾಕ್ಕೆ ಹಿಡಿದು, ತಲೆ ಎತ್ತಿ ಹೇಳಿದಳು: "ಇದು ನಮ್ಮದಲ್ಲ ಸರ್, ಆಚೆ ಮನೆಯದ್ದು. ಅವರಿಗೆ ಇವತ್ತು ಕೆಲಸ ಉಂಟು."

ಬಂದ ನಗುವನ್ನು ಕೆಮ್ಮಾಗಿಸಿ ನುಂಗಿದೆ. ಅವರು ಎಲೆಯ ಸುರುಳಿ ಬಿಡಿಸಲು ಹೇಳಿದರು. ಒಳಗೆ ಸಣ್ಣ ಹಸಿರು ಹುಳ ಹರಿದಾಡುತ್ತಿತ್ತು. ಯಾವ ಮದ್ದು, ಹೇಗೆ ಸಿಂಪಡಿಸಬೇಕು ಎಂದೆಲ್ಲ ವಿವರಿಸಿ, "ಆಚೆ ಮನೆಯವರಿಗೆ ಹೆದರಬೇಡಿ ಅನ್ನಿ. ಇನ್ನೂ ಕಾಲ ಮಿಂಚಿಲ್ಲ" ಎಂದರು.

ಅಮ್ಮ ಕುರ್ಚಿಯಿಂದ ಎದ್ದೇಬಿಟ್ಟಳು. ಪರದೆಗೆ ಮೂಗು ತಾಗುವಷ್ಟು ಬಗ್ಗಿ, "ಹಾಗಾದರೆ ನನ್ನ ಗದ್ದೆ ಉಳಿಯುತ್ತದಾ ಸರ್?" ಎಂದು ಕೇಳಿದಳು.

ಅವರು ನಗಲಿಲ್ಲ. "ಉಳಿಯುತ್ತದೆ ಅಮ್ಮಾ" ಎಂದರು. ಹಿಂದೆ ಸಾಲುಗಟ್ಟಿ ನಿಂತ ರೈತರೆಲ್ಲರ ಎದುರಿಗೇ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.