ಇಳಿಜಾರಿನ ಮೇಜುಗಳು

ಅವಳಿಗೆ ಗಡಿಬಿಡಿಯಕ್ಕ ಎಂದು ಹೆಸರಿಟ್ಟವರು ಜೊತೆಯಲ್ಲಿ ಮೀನು ತೊಳೆಯುತ್ತಿದ್ದ ಹೆಂಗಸರು. ತಪ್ಪೇನಿಲ್ಲ ಬಿಡಿ, ಒಲೆ ಹಚ್ಚುವ ಮೊದಲೇ ತಟ್ಟೆ ಹಾಕುವ ಜೀವ ಅದು. ಬಂದರಿನ ಐಸ್ ಗೋದಾಮಿನಲ್ಲೇ ಅರ್ಧ ಆಯಸ್ಸು ಕಳೆದಿದ್ದಳು. ಗೋದಾಮಿಗೆ ಬೀಗ ಬಿದ್ದಾಗ ಎಲ್ಲರೂ ಬೇರೆ ದಾರಿ ನೋಡಿಕೊಂಡರು. ಇವಳು ಮಾತ್ರ ಅಲ್ಲೇ ಮೀನಿನ ಹೋಟೆಲ್ ಮಾಡುತ್ತೇನೆಂದು ಪಟ್ಟು ಹಿಡಿದಳು.

ಕಟ್ಟಡದ ಯಜಮಾನರು ಮೂಗು ಮುರಿದರು. "ರಿಪೇರಿ ಮಾಡ್ಕೋ. ಮೊದಲ ಸಂಜೆ ನಾನೇ ಬಂದು ಊಟ ಮಾಡ್ತೀನಿ. ಮನಸ್ಸಿಗೆ ಬಂದ್ರೆ ಕಟ್ಟಡ ನಿಂಗೆ. ಇಲ್ಲಾಂದ್ರೆ ಕೆಡವಿಸ್ತೀನಿ."

ಅಷ್ಟು ಸಾಕಾಯಿತು! ಕಡಲಿನ ಕಡೆಯ ಗೋಡೆ ಒಡೆದು ದೊಡ್ಡ ಗಾಜು ಕೂರಿಸಿದರು. ಐಸ್ ಎತ್ತುತ್ತಿದ್ದ ಕೊಕ್ಕೆಗಳಿಗೆ ದೀಪ ತೂಗುಬಿಟ್ಟರು. ಊಟಕ್ಕೆ ಕೂತವರಿಗೆ ಕಾಣುವಂತೆ ನಡುವೆಯೇ ಅಡುಗೆಮನೆ ಎದ್ದಿತು. ಕಲ್ಲಿನ ನೆಲವನ್ನು ಮಾತ್ರ ಅವಳು ಮುಟ್ಟಗೊಡಲಿಲ್ಲ. ಕರಗಿದ ನೀರು ಹರಿದುಹೋಗಲೆಂದು ಅದನ್ನು ಹಿಂದಿನವರು ಅಲ್ಲಲ್ಲಿ ಒಂದೊಂದು ಥರ ಇಳಿಜಾರು ಮಾಡಿದ್ದರು. ಒಂದು ಕೊಡ ನೀರು ಚೆಲ್ಲಿದರೆ ಕೊಳೆಯೆಲ್ಲ ತಾನಾಗಿಯೇ ಚರಂಡಿಗೆ. ಬಡಗಿಯಾಗಿದ್ದ ಅವಳ ಅಣ್ಣ ಗೊಣಗುತ್ತಲೇ, ಒಂದೊಂದು ಮೇಜಿನ ಕಾಲನ್ನೂ ಅದರದರ ಜಾಗಕ್ಕೆ ಸರಿಯಾಗಿ ಕೊಯ್ದು ನಿಲ್ಲಿಸಿದ.

ಹೋಟೆಲ್ ತೆರೆಯುವ ದಿನ ಬಂತು. ಅಣ್ಣ ಸ್ನಾನಕ್ಕೆಂದು ಮನೆಗೆ ಹೋಗಿದ್ದ. ಅವಳ ಕೈ ಸುಮ್ಮನಿರಬೇಕಲ್ಲ! ಇನ್ನೊಂದು ಸಲ ನೆಲ ತೊಳೆದುಬಿಡೋಣವೆಂದು ಮೇಜುಗಳನ್ನೆಲ್ಲ ಹೊರಗೆ ಎಳೆದಳು. ಫಳಫಳ ತೊಳೆದಳು. ಆಮೇಲೆ ಕೈಗೆ ಸಿಕ್ಕಿದ್ದನ್ನು ಸಿಕ್ಕಲ್ಲಿ ಇಟ್ಟಳು.

ಅಣ್ಣ ಬಂದು ಒಂದು ಮೇಜಿನ ಮೇಲೆ ಕೈಯೂರಿದ. ಗಡಗಡ! "ಎಲ್ಲಾ ಕಲಸುಮೇಲೋಗರ ಮಾಡ್ಬಿಟ್ಯಲ್ಲೇ!"

ಅಷ್ಟರಲ್ಲಿ ಜನ ಒಳಗೆ ಬಂದಾಗಿತ್ತು. ಯಜಮಾನರು ಕೂತು ನೀರಿನ ಲೋಟ ಇಟ್ಟರು. ಲೋಟ ವಾಲಿ ಅವರ ಮಡಿಲಿಗೇ ಬಿತ್ತು. ಅವರು ಎದ್ದು ನಿಂತರು. ಇಷ್ಟು ದಿನದ ದುಡಿಮೆಯೆಲ್ಲ ನೀರುಪಾಲಾಗುವುದನ್ನು ನೋಡುತ್ತ ನಿಲ್ಲುವವಳೇ ಗಡಿಬಿಡಿಯಕ್ಕ?

"ಎಲ್ಲರೂ ಏಳಿ!" ಎಂದು ಕೂಗಿದಳು. "ನಿಮ್ಮ ನಿಮ್ಮ ಮೇಜು ಎತ್ಕೊಳ್ಳಿ! ಎಲ್ಲಿ ಅಲುಗಾಡಲ್ವೋ ಅದೇ ನಿಮ್ಮ ಜಾಗ!"

ಊಟಕ್ಕೆ ಬಂದಿದ್ದ ದೋಣಿಯವರು ಹೋ ಎಂದು ನಕ್ಕು ಮೇಜಿಗೆ ಕೈ ಹಾಕಿದರು. ನೋಡಬೇಕಿತ್ತು ಆ ಗದ್ದಲ! "ಇಲ್ಲಿ ಕೂರ್ತು!" "ಏಯ್, ಅದು ನಮ್ಮದು!" ಗುರುತು ಪರಿಚಯವಿಲ್ಲದವರು ಒಬ್ಬರಿಗೊಬ್ಬರು ಹೆಗಲು ಕೊಟ್ಟರು. ಅಡುಗೆಮನೆಯಲ್ಲಿ ಮೀನು ಚುರ್ರೆಂದಿತು.

ಒದ್ದೆ ಬಟ್ಟೆಯಲ್ಲೇ ನಿಂತಿದ್ದ ಯಜಮಾನರು ಅಂಗಿಯ ತೋಳು ಮಡಚಿದರು. ಅವರ ಮೇಜಿಗೆ ಅಣ್ಣ ಒಂದು ತುದಿ, ಅವರು ಇನ್ನೊಂದು ತುದಿ. ಮೂರು ಕಡೆ ಇಟ್ಟು ನೋಡಿ, ಕೊನೆಗೆ ಗಾಜಿನ ಪಕ್ಕ ಇಳಿಸಿದರು. ತುಂಬಿದ ಲೋಟ ತರಿಸಿ ಅದರ ಮೇಲಿಟ್ಟರು. ನೀರು ಮಿಸುಕಲಿಲ್ಲ.

"ಇದನ್ನ ಇನ್ಮೇಲೆ ಎತ್ತಬೇಡಮ್ಮ," ಎಂದರು ಯಜಮಾನರು. "ಪ್ರತಿ ವಾರ ಬರ್ತೀನಿ. ಇಲ್ಲೇ ಕೂರ್ತೀನಿ."

ಗಡಿಬಿಡಿಯಕ್ಕ ಖುಷಿಯಿಂದ ಒರೆಸುವ ಬಟ್ಟೆ ಹಿಡಿದು ಮೇಜಿನತ್ತ ಓಡಿದಳು. ಅಣ್ಣ ಅವಳಿಗಿಂತ ಮೊದಲೇ ನೆಲಕ್ಕೆ ಕೂತು, ನಾಲ್ಕೂ ಕಾಲಿನ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆಯತೊಡಗಿದ.